ಬೆರಳಚ್ಚು ಮತ್ತು ಕೈಬರಹ: ಪ್ರಮಾಣಗಳ ಒಂದು ಪರಿಶೀಲನೆ

ವಿದ್ಯಾರ್ಥಿಗಳು ತರಗತಿಯಲ್ಲಿ ಟಿಪ್ಪಣಿಯನ್ನು ಕೈಯಿಂದಲೇ ಬರೆದುಕೊಳ್ಳಬೇಕೆ, ಇಲ್ಲವೆ ಗಣಕಯಂತ್ರದ ಕೀಲಿಮಣೆಯ ಮೇಲೆ ಬೆರಳಚ್ಚು ಮಾಡಿಕೊಳ್ಳಬಹುದೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಕೈಬರಹವನ್ನು ಬಿಟ್ಟವನು ಜ್ಞಾಪಕಶಕ್ತಿಯನ್ನೇ ಬಿಟ್ಟನೆಂದು ಒಂದು ಪಕ್ಷದವರು ಹೇಳುತ್ತಾರೆ. ಕಾಲಕ್ಕೆ ತಕ್ಕ ಉಪಕರಣವನ್ನು ಹಿಡಿಯದವನು ಹಿಂದೆ ಉಳಿಯುವನೆಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಎರಡು ಪಕ್ಷದವರೂ ತಮ್ಮ ಮಾತಿಗೆ ಆಧಾರವಾಗಿ ವಿಜ್ಞಾನದ ಪ್ರಯೋಗಗಳನ್ನು ಹೆಸರಿಸುತ್ತಾರೆ; ಆ ಪ್ರಯೋಗಗಳು ಏನನ್ನು ತೋರಿಸಿವೆ, ಏನನ್ನು ತೋರಿಸಿಲ್ಲ ಎಂಬುದನ್ನು ವಿಚಾರಿಸುವವರು ಮಾತ್ರ ವಿರಳ.

ನಾವು ಮನಶ್ಶಾಸ್ತ್ರಜ್ಞರಲ್ಲ. ಇತಿಹಾಸವನ್ನು ಬೋಧಿಸುವವರು. ಆದರೆ ಒಂದು ಮಾತಿಗೆ ಯಾವ ಪ್ರಮಾಣವಿದೆ, ಆ ಪ್ರಮಾಣ ಎಷ್ಟು ದೂರ ಸಾಗುತ್ತದೆ, ನಡುವೆ ಐತಿಹ್ಯವೆಷ್ಟು ಸೇರಿಕೊಂಡಿದೆ ಎಂದು ಕೇಳುವುದು ನಮ್ಮ ವೃತ್ತಿಯ ನಿತ್ಯಕರ್ಮ. ಶಾಸನಕ್ಕೂ ಕೈಫಿಯತ್ತಿಗೂ ಅನ್ವಯಿಸುವ ಈ ವಿಧಾನವನ್ನು ಲೇಖನಿ ಮತ್ತು ಕೀಲಿಮಣೆಗಳ ವಾದಕ್ಕೂ ಅನ್ವಯಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ. ಅದರ ಜೊತೆಗೆ, ಕನ್ನಡವನ್ನು ಬೆರಳಚ್ಚು ಮಾಡುವವನ ಕಷ್ಟವು ಆಂಗ್ಲವನ್ನು ಬೆರಳಚ್ಚು ಮಾಡುವವನ ಕಷ್ಟಕ್ಕಿಂತ ಬೇರೆಯೆಂಬುದನ್ನೂ, ಇತಿಹಾಸದ ವಿದ್ಯಾರ್ಥಿಗೆ ಈ ವಿಷಯ ಕೇವಲ ಅನುಕೂಲದ ಪ್ರಶ್ನೆಯಲ್ಲವೆಂಬುದನ್ನೂ ಸೂಚಿಸಲು ಪ್ರಯತ್ನಿಸಿದ್ದೇವೆ.

೧. ಯಂತ್ರದ ಇತಿಹಾಸ ಮತ್ತು ಅದರ ಐತಿಹ್ಯಗಳು

ಇಂದು ನಾವು ಬಳಸುವ ಕೀಲಿಮಣೆಯ ಮೂಲವು ಅಮೆರಿಕದ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಮತ್ತು ಅವನ ಜೊತೆಗಾರರು ೧೮೬೮ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿದೆ. ಬಂದೂಕು, ಹೊಲಿಗೆಯಂತ್ರಗಳನ್ನು ತಯಾರಿಸುತ್ತಿದ್ದ ರೆಮಿಂಗ್ಟನ್ ಸಂಸ್ಥೆಯು ಅದನ್ನು ಕೈಗೆತ್ತಿಕೊಂಡು ೧೮೭೪ರಲ್ಲಿ ಮಾರಾಟಕ್ಕೆ ತಂದಿತು. ಆ ಮೊದಲ ಯಂತ್ರದಲ್ಲಿ ದೊಡ್ಡ ಅಕ್ಷರಗಳು ಮಾತ್ರ ಇದ್ದವು. ೧೮೭೮ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂದು, ಒಂದೇ ಕೀಲಿಯಿಂದ ಎರಡು ಅಕ್ಷರಗಳನ್ನು ಮೂಡಿಸುವ ಏರ್ಪಾಡು ಆಯಿತು. ಈ ಶಿಫ್ಟ್ ಕೀಲಿಯ ವಿಷಯಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ. ಕನ್ನಡದಲ್ಲಿ ಅದರ ಹೊಣೆ ಬಲು ದೊಡ್ಡದು.

ಕೀಲಿಗಳನ್ನು ನೋಡದೆ ಹತ್ತು ಬೆರಳುಗಳಿಂದ ಬೆರಳಚ್ಚು ಮಾಡುವ ಪದ್ಧತಿಗೆ ಕೀರ್ತಿ ತಂದದ್ದು ೧೮೮೮ರ ಜುಲೈ ತಿಂಗಳಲ್ಲಿ ಸಿನ್ಸಿನಾಟಿ ನಗರದಲ್ಲಿ ನಡೆದ ಒಂದು ಸ್ಪರ್ಧೆ. ಸಾಲ್ಟ್ ಲೇಕ್ ನಗರದ ನ್ಯಾಯಾಲಯದ ಶೀಘ್ರಲಿಪಿಕಾರ ಫ್ರಾಂಕ್ ಮೆಕ್‌ಗರಿನ್ ಎಂಬುವನು ಲೂಯಿ ಟ್ರಾಬ್ ಎಂಬುವನನ್ನು ಅದರಲ್ಲಿ ಸೋಲಿಸಿದನು. ಬೆರಳಚ್ಚಿನ ಪಾಠಪುಸ್ತಕಗಳಲ್ಲಿ ಈ ಗೆಲುವು ನೋಡದೆ ಮುದ್ರಿಸುವ ಪದ್ಧತಿಯ ಗೆಲುವೆಂದು ವರ್ಣಿತವಾಗಿದೆ. ಆದರೆ ಸ್ಪರ್ಧಿಗಳಿಬ್ಬರ ಯಂತ್ರಗಳೂ ಒಂದೇ ಆಗಿರಲಿಲ್ಲ. ಮೆಕ್‌ಗರಿನ್ನನದು ಶಿಫ್ಟ್ ಕೀಲಿಯುಳ್ಳ ರೆಮಿಂಗ್ಟನ್. ಟ್ರಾಬನದು ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಬೇರೆ ಬೇರೆ ಕೀಲಿಗಳಿದ್ದ ಕ್ಯಾಲಿಗ್ರಾಫ್. ಗೆದ್ದದ್ದು ಪದ್ಧತಿಯೋ, ಯಂತ್ರವೋ, ಮನುಷ್ಯನ ವೈಯಕ್ತಿಕ ಸಾಮರ್ಥ್ಯವೋ ಎಂಬುದನ್ನು ಆ ಒಂದು ಸ್ಪರ್ಧೆಯಿಂದ ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಎರಡು ಮೂರು ಕಾರಣಗಳು ಒಟ್ಟಿಗೆ ಕೆಲಸಮಾಡಿದ ಕಡೆ ಒಂದನ್ನೇ ಎತ್ತಿ ಹಿಡಿಯುವುದು ಇತಿಹಾಸಕಾರನು ಮೊದಲು ಬಿಡಬೇಕಾದ ಅಭ್ಯಾಸ.

ಕೀಲಿಗಳ ಜೋಡಣೆಯ ಕಥೆಯೂ ಇದೇ ಬಗೆಯದು. ಬೆರಳಚ್ಚುಗಾರರ ವೇಗವನ್ನು ತಗ್ಗಿಸಲೆಂದೇ ಅಕ್ಷರಗಳನ್ನು ಹೀಗೆ ಚದುರಿಸಲಾಯಿತೆಂಬ ಮಾತು ಬಹು ಪ್ರಚಾರದಲ್ಲಿದೆ. ಜಪಾನಿನ ಕೊಯಿಚಿ ಯಾಸುವೊಕಾ ಮತ್ತು ಮೊಟೊಕೊ ಯಾಸುವೊಕಾ ಅವರು ೨೦೧೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆರಂಭದ ಯಂತ್ರಗಳನ್ನು ಬಳಸಿದ ತಂತಿ ಕಚೇರಿಯ ನೌಕರರ ಅಗತ್ಯಗಳು ಈ ಜೋಡಣೆಯನ್ನು ರೂಪಿಸಿದುವೆಂದು ವಾದಿಸಿ, ಪ್ರಚಲಿತ ಕಥೆಯನ್ನು ಅಲ್ಲಗಳೆದರು. ೧೯೩೬ರಲ್ಲಿ ಆಗಸ್ಟ್ ಡ್ವೋರಾಕ್ ಬೇರೊಂದು ಜೋಡಣೆಗೆ ಪೇಟೆಂಟ್ ಪಡೆದನು. ಅದು ಬಹಳ ಮೇಲಾದುದೆಂದೂ, ಜನರು ರೂಢಿಯ ದಾಸರಾದ್ದರಿಂದ ಅದನ್ನು ಒಪ್ಪಲಿಲ್ಲವೆಂದೂ ಪ್ರತೀತಿ. ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ ೧೯೮೫ರಲ್ಲಿ ಈ ಪ್ರಸಂಗವನ್ನು ಒಂದು ಪ್ರಸಿದ್ಧ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಂಡರು. ೧೯೯೦ರಲ್ಲಿ ಲೀಬೊವಿಟ್ಸ್ ಮತ್ತು ಮಾರ್ಗೋಲಿಸ್ ಎಂಬುವರು ಮೂಲ ದಾಖಲೆಗಳನ್ನು ಹುಡುಕಿ, ಡ್ವೋರಾಕನ ಮೇಲ್ಮೆಗೆ ಆಧಾರವೆಂದು ಹೇಳುವ ಪರೀಕ್ಷೆಗಳು ದುರ್ಬಲವೆಂದೂ, ೧೯೫೬ರಲ್ಲಿ ಅಮೆರಿಕದ ಸರ್ಕಾರಕ್ಕಾಗಿ ನಡೆದ ಪರೀಕ್ಷೆಯಲ್ಲಿ ಅಂಥ ಮೇಲ್ಮೆ ಕಂಡುಬರಲಿಲ್ಲವೆಂದೂ ತೋರಿಸಿದರು.

ಇಷ್ಟನ್ನು ಹೇಳಿದ ಕಾರಣವೇನೆಂದರೆ, ಬೆರಳಚ್ಚಿನ ವಿಷಯದಲ್ಲಿ ಚೆನ್ನಾಗಿ ಹೊಂದಿಕೊಳ್ಳುವ ಕಥೆಯು ಸರಿಯಾದ ಪ್ರಮಾಣವಿಲ್ಲದೆಯೇ ದೀರ್ಘಕಾಲ ಬಾಳಿದೆ. ಕೈಬರಹದ ಪರವಾಗಿ ಇಂದು ಕೇಳಿಬರುವ ಮಾತುಗಳನ್ನೂ ಇದೇ ಎಚ್ಚರದಿಂದ ನೋಡಬೇಕು.

೨. ಪ್ರಯೋಗಗಳು ಹೇಳುವುದೇನು?

ಕೈಬರಹದ ಪಕ್ಷದವರು ಹೆಚ್ಚಾಗಿ ಹೆಸರಿಸುವುದು ಪ್ಯಾಮ್ ಮ್ಯುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಅವರು ೨೦೧೪ರಲ್ಲಿ ಪ್ರಕಟಿಸಿದ ಲೇಖನವನ್ನು. ವಿದ್ಯಾರ್ಥಿಗಳಿಗೆ ಧ್ವನಿಚಿತ್ರದ ಉಪನ್ಯಾಸಗಳನ್ನು ತೋರಿಸಿ, ಕೆಲವರಿಗೆ ಕೈಯಿಂದಲೂ ಕೆಲವರಿಗೆ ಗಣಕದಿಂದಲೂ ಟಿಪ್ಪಣಿ ಮಾಡಿಕೊಳ್ಳಲು ಹೇಳಿ, ಆಮೇಲೆ ಪ್ರಶ್ನೆಗಳನ್ನು ಕೇಳಲಾಯಿತು. ಮೊದಲ ಪ್ರಯೋಗದಲ್ಲಿ, ಸಂಗತಿಗಳನ್ನು ಕುರಿತ ಪ್ರಶ್ನೆಗಳಲ್ಲಿ ಎರಡು ಗುಂಪುಗಳೂ ಸಮನಾದವು. ತತ್ತ್ವವನ್ನು ಗ್ರಹಿಸಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಕೈಯಿಂದ ಬರೆದವರು ಮುಂದಾದರು. ಇದಕ್ಕೆ ಲೇಖಕರು ಕೊಟ್ಟ ವಿವರಣೆ ಹೀಗಿದೆ: ಬೆರಳಚ್ಚು ವೇಗವಾದುದರಿಂದ ವಿದ್ಯಾರ್ಥಿ ಕೇಳಿದುದನ್ನು ಕೇಳಿದ ಹಾಗೆಯೇ ಇಳಿಸಿಕೊಳ್ಳುತ್ತಾನೆ, ಕೈ ನಿಧಾನವಾದುದರಿಂದ ಬರೆಯುವವನು ಆರಿಸಿ, ಸಂಗ್ರಹಿಸಿ, ತನ್ನ ಮಾತಿನಲ್ಲಿ ಬರೆಯಬೇಕಾಗುತ್ತದೆ. ಯಥಾವತ್ತಾಗಿ ಇಳಿಸಬೇಡಿರೆಂದು ಮುಂಚೆಯೇ ಎಚ್ಚರಿಸಿದರೂ ಗಣಕದವರ ಅಭ್ಯಾಸ ತಪ್ಪಲಿಲ್ಲವಂತೆ.

ಈ ವಿವರಣೆಯಲ್ಲಿ ನಮಗೆ ಮುಖ್ಯವಾಗಿ ಕಾಣುವ ಅಂಶ ಬೇರೆ. ಇದು ನಿಜವಾದ ಪಕ್ಷದಲ್ಲಿ ಕೈಬರಹದ ಗುಣವು ಕೈಯಲ್ಲಿ ಇಲ್ಲ, ಆರಿಸುವ ಕೆಲಸದಲ್ಲಿದೆ. ನಿಧಾನವು ಆ ಕೆಲಸಕ್ಕೆ ಬಲವಂತಮಾಡುತ್ತದೆ, ಅಷ್ಟೆ. ಕೈಯಿಂದ ಬರೆಯುತ್ತಲೂ ಅಧ್ಯಾಪಕನು ಹೇಳಿಕೊಟ್ಟದ್ದನ್ನು ಅಕ್ಷರಶಃ ಇಳಿಸಿಕೊಳ್ಳುವವನಿಗೆ ಲೇಖನಿಯಿಂದ ಯಾವ ವಿಶೇಷ ಲಾಭವೂ ಬರಲಾರದು. ನಮ್ಮ ಕಾಲೇಜುಗಳಲ್ಲಿ ಟಿಪ್ಪಣಿಯನ್ನು ಹೇಳಿ ಬರೆಸುವ ಪದ್ಧತಿ ಇನ್ನೂ ಅಳಿದಿಲ್ಲ. ಒಂದು ಗಂಟೆಯ ಕಾಲ ಪೂರ್ಣವಿರಾಮ, ಅಲ್ಪವಿರಾಮಗಳ ಸಮೇತ ಉಕ್ತಲೇಖನ ಬರೆಸಿ, ಅನಂತರ ಕೈಬರಹದ ಮಹಿಮೆಯನ್ನು ಹೊಗಳುವ ಅಧ್ಯಾಪಕರು ಈ ಲೇಖನವನ್ನು ತಮ್ಮ ಪರವಾಗಿ ಉದಾಹರಿಸುವುದು ಸರಿಯಲ್ಲ. ಅದು ಅವರ ವಿರುದ್ಧವಾದ ಸಾಕ್ಷಿ.

ಇರಲಿ, ಆ ಫಲಿತಾಂಶವೇ ಮತ್ತೆ ಮಾಡಿದಾಗ ಸ್ಥಿರವಾಗಿ ನಿಲ್ಲಲಿಲ್ಲ. ೨೦೧೯ರಲ್ಲಿ ಮೋರ್‌ಹೆಡ್ ಮತ್ತು ಅವರ ಸಹೋದ್ಯೋಗಿಗಳು ಅದೇ ಪ್ರಯೋಗವನ್ನು ವಿಸ್ತರಿಸಿ ಮಾಡಿದಾಗ ಕೈಬರಹದ ಮೇಲ್ಮೆ ಖಚಿತವಾಗಿ ಕಾಣಲಿಲ್ಲ. ೨೦೨೧ರಲ್ಲಿ ಹೀದರ್ ಅರ್ರಿ ಮತ್ತು ಅವರ ಬಳಗದವರು ಮೊದಲ ಪ್ರಯೋಗವನ್ನೇ ಯಥಾಪ್ರಕಾರ ನಡೆಸಿದರು. ಗಣಕದವರು ಹೆಚ್ಚು ಶಬ್ದಗಳನ್ನು, ಹೆಚ್ಚು ಯಥಾವತ್ತಾಗಿ ಬರೆದುಕೊಂಡರೆಂಬುದು ಅಲ್ಲಿಯೂ ಕಂಡಿತು. ಆದರೆ ಪರೀಕ್ಷೆಯಲ್ಲಿ ಅವರು ಹಿಂದೆ ಬೀಳಲಿಲ್ಲ. ಇನ್ನೊಂದು ಕಡೆ, ೨೦೨೪ರಲ್ಲಿ ಫ್ಲ್ಯಾನಿಗನ್ ಮೊದಲಾದವರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, ಕಾಲೇಜು ವಿದ್ಯಾರ್ಥಿಗಳ ಸಾಧನೆಯಲ್ಲಿ ಕೈಬರಹಕ್ಕೆ ಚಿಕ್ಕದೊಂದು ಅನುಕೂಲವಿದೆಯೆಂದು ತೀರ್ಮಾನಿಸಿದರು. ಇವೆಲ್ಲವನ್ನೂ ಕೂಡಿಸಿ ಹೇಳುವುದಾದರೆ, ಉಪನ್ಯಾಸದ ಟಿಪ್ಪಣಿಗೆ ಕೈಬರಹ ತುಸು ಮೇಲಾಗಿರಬಹುದು. ಆ ಮೇಲ್ಮೆ ದೊಡ್ಡದಲ್ಲ. ಅದರ ಕಾರಣವೂ ನಿಶ್ಚಿತವಲ್ಲ.

೨೦೨೪ರಲ್ಲೇ ನಾರ್ವೆ ದೇಶದ ವಾನ್ ಡೆರ್ ವೀಲ್ ಮತ್ತು ವಾನ್ ಡೆರ್ ಮೀರ್ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನವು ವೃತ್ತಪತ್ರಿಕೆಗಳಲ್ಲಿ ಬಹಳ ಪ್ರಚಾರ ಪಡೆಯಿತು. ೩೬ ಮಂದಿ ವಿದ್ಯಾರ್ಥಿಗಳ ತಲೆಯ ಮೇಲೆ ವಿದ್ಯುತ್ ಸೂಚಕಗಳನ್ನಿಟ್ಟು ನೋಡಿದಾಗ, ಕೈಯಿಂದ ಬರೆಯುವಾಗ ಮೆದುಳಿನ ವಿವಿಧ ಭಾಗಗಳ ಸಂಬಂಧ ವ್ಯಾಪಕವಾಗಿತ್ತೆಂದೂ, ಬೆರಳಚ್ಚು ಮಾಡುವಾಗ ಹಾಗಿರಲಿಲ್ಲವೆಂದೂ ಅದರಲ್ಲಿ ಹೇಳಿದೆ. ಮೂಲ ಲೇಖನವನ್ನು ಓದಿದವರಿಗೆ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಅಲ್ಲಿ ಬೆರಳಚ್ಚು ಮಾಡಿದವರು ಬಲಗೈಯ ತೋರುಬೆರಳೊಂದನ್ನೇ ಬಳಸಿದ್ದರು. ಎರಡನೆಯದು, ಅವರು ಏನನ್ನಾದರೂ ಕಲಿತರೇ, ಜ್ಞಾಪಕದಲ್ಲಿ ಇಟ್ಟುಕೊಂಡರೇ ಎಂದು ಅಲ್ಲಿ ಪರೀಕ್ಷಿಸಿರಲಿಲ್ಲ. ಒಂದು ಬೆರಳಿನಿಂದ ಕೀಲಿ ಒತ್ತುವುದನ್ನು ಕಲಿತವನ ಹತ್ತು ಬೆರಳಿನ ಬೆರಳಚ್ಚೆಂದು ಎಣಿಸುವುದು, ಒಂದೇ ತಂತಿಯನ್ನು ಮೀಟಿಸಿ ನೋಡಿ ವೀಣಾವಾದನವನ್ನು ಕುರಿತು ತೀರ್ಪು ಕೊಟ್ಟಂತೆ. ಲೇಖಕರು ತಾವು ಮಾಡಿದುದನ್ನು ಮರೆಮಾಡಿಲ್ಲ. ಅವರ ಮಾತನ್ನು ಹೊತ್ತು ತಂದವರು ಆ ವಿವರವನ್ನು ದಾರಿಯಲ್ಲಿ ಬಿಟ್ಟು ಬಂದಿದ್ದಾರೆ.

ಎಳೆಯ ಮಕ್ಕಳ ವಿಷಯ ಮಾತ್ರ ಬೇರೆ. ಅಕ್ಷರವನ್ನು ಗುರುತಿಸಲು ಕಲಿಯುವ ವಯಸ್ಸಿನಲ್ಲಿ ಕೈಯಿಂದ ತಿದ್ದುವುದು ಕೀಲಿ ಒತ್ತುವುದಕ್ಕಿಂತ ಹೆಚ್ಚು ನೆರವಾಗುತ್ತದೆಯೆಂಬುದಕ್ಕೆ ೨೦೦೫ರಲ್ಲಿ ಫ್ರಾನ್ಸಿನ ಮರಿಕೆ ಲೋಂಕಾಂಪ್ ಮತ್ತು ಅವರ ಜೊತೆಗಾರರು ಮಾಡಿದ ಅಧ್ಯಯನವೇ ಮೊದಲಾಗಿ ತಕ್ಕ ಆಧಾರಗಳಿವೆ. ಕನ್ನಡದಲ್ಲಿ ಇದರ ಮಹತ್ತ್ವ ಇನ್ನೂ ಹೆಚ್ಚು. ಕನ್ನಡದ ಅಕ್ಷರಗಳ ಕಲಿಕೆಯು ಗುಣಿತ, ಒತ್ತಕ್ಷರಗಳ ಬಾಹುಳ್ಯದಿಂದಾಗಿ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುತ್ತದೆಂಬುದನ್ನು ಸೊನಾಲಿ ನಾಗ್ ಅವರ ೨೦೦೭ರ ಅಧ್ಯಯನ ತೋರಿಸಿದೆ. ಮಗುವಿನ ಕೈಯಿಂದ ಬಳಪವನ್ನು ಕಿತ್ತುಕೊಳ್ಳಬೇಕೆಂದು ಯಾರೂ ವಾದಿಸಬಾರದು, ನಾವಂತೂ ವಾದಿಸುವುದಿಲ್ಲ.

೩. ಕನ್ನಡದ ವಿಶೇಷ

ಮೇಲ್ಕಂಡ ಉಪನ್ಯಾಸ ಟಿಪ್ಪಣಿಯ ಪ್ರಯೋಗಗಳು ಕನ್ನಡ ಲಿಪಿಯನ್ನು ಕುರಿತವಲ್ಲ. ಅವುಗಳ ತೀರ್ಮಾನವನ್ನು ನಮ್ಮ ಲಿಪಿಗೆ ಹಾಗೆಯೇ ಒಗ್ಗಿಸುವುದಕ್ಕೆ ಮೊದಲು ಇಲ್ಲಿನ ಕೈಯೂ ಬೆರಳೂ ಏನು ಮಾಡುತ್ತವೆಂಬುದನ್ನು ನೋಡಬೇಕು.

'ಧರ್ಮ' ಎಂಬ ಪದವನ್ನು ತೆಗೆದುಕೊಳ್ಳೋಣ. ಕೈಯಿಂದ ಬರೆಯುವಾಗ ನಾವು ಮೊದಲು ಧಕಾರವನ್ನೂ ಆಮೇಲೆ ಮಕಾರವನ್ನೂ ಬರೆದು, ಕೊನೆಯಲ್ಲಿ ಅರ್ಕಾವತ್ತನ್ನು ಹಾಕುತ್ತೇವೆ. ಬಾಯಿ ನುಡಿಯುವ ಕ್ರಮ ಹೀಗಲ್ಲ. ಅಲ್ಲಿ ರೇಫವು ಮಕಾರಕ್ಕೆ ಮೊದಲೇ ಬರುತ್ತದೆ. ಹಳೆಯ ಬೆರಳಚ್ಚು ಯಂತ್ರವು ಕೈಯ ಕ್ರಮವನ್ನೇ ಅನುಸರಿಸಿತು. ಅಲ್ಲಿ ಕಾಗದದ ಮೇಲೆ ಕಾಣಬೇಕಾದ ಆಕಾರಗಳನ್ನು ಎಡದಿಂದ ಬಲಕ್ಕೆ ತುಂಡುತುಂಡಾಗಿ ಜೋಡಿಸಬೇಕಾಗಿತ್ತು. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆಯು ಇಷ್ಟೊಂದು ಗುಣಿತ, ಒತ್ತುಗಳನ್ನು ಆ ಕೆಲವೇ ಕೀಲಿಗಳಲ್ಲಿ ಅಡಕಮಾಡಿದ್ದು ಸಾಮಾನ್ಯ ಸಾಧನೆಯಲ್ಲ. ಇಂದಿನ ಗಣಕದ ಯೂನಿಕೋಡ್ ವ್ಯವಸ್ಥೆಯು ಬಾಯಿಯ ಕ್ರಮವನ್ನು ಅನುಸರಿಸುತ್ತದೆ: ಧ, ರ, ವಿರಾಮಚಿಹ್ನೆ, ಮ. ಆಕಾರವನ್ನು ಕಟ್ಟುವ ಕೆಲಸ ಯಂತ್ರದ್ದು. ಧ್ವನಿಯನ್ನು ಬಿಡಿಸಿಕೊಡುವ ಕೆಲಸ ಬೆರಳಿನದು. 'ಸ್ವಾತಂತ್ರ್ಯ' ಎಂಬ ಪದಕ್ಕೆ ಹನ್ನೊಂದು ಒತ್ತುಗಳು ಬೇಕು. ಸಕಾರಕ್ಕೆ ವಕಾರ, ತಕಾರಕ್ಕೆ ರೇಫ, ರೇಫಕ್ಕೆ ಯಕಾರ ಹೇಗೆ ಸೇರಿವೆಯೆಂದು ತಿಳಿಯದವನು ಅದನ್ನು ಮುಗಿಸಲಾರನು. ವ್ಯಾಕರಣದ ಸಂಯುಕ್ತಾಕ್ಷರ ಪ್ರಕರಣವನ್ನು ಬೆರಳು ಪ್ರತಿದಿನವೂ ಒಪ್ಪಿಸಬೇಕಾಗುತ್ತದೆ. ಆದ್ದರಿಂದ ಕನ್ನಡದ ಬೆರಳಚ್ಚನ್ನು ಬುದ್ಧಿಗೆ ಕೆಲಸವಿಲ್ಲದ ಯಾಂತ್ರಿಕ ಕ್ರಿಯೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಕೆ. ಪಿ. ರಾವ್ ಅವರು ರೂಪಿಸಿದ ಜೋಡಣೆಯನ್ನು ಆಧರಿಸಿ 'ನುಡಿ' ತಂತ್ರಾಂಶದ ಮೂಲಕ ನಮ್ಮ ರಾಜ್ಯದಲ್ಲಿ ಬಳಕೆಗೆ ಬಂದ ಕೀಲಿಮಣೆಯಲ್ಲಿ ಒತ್ತಕ್ಷರವನ್ನು ಕೂಡಿಸುವ ಕೀಲಿಯು ಎಡಗೈಯ ತೋರುಬೆರಳಿನ ಕೆಳಗೇ ಇದೆ. ಕತ, ಗದಗಳು ನೇರ ಒತ್ತಿನಿಂದಲೂ ಖಥ, ಘಧಗಳು ಶಿಫ್ಟ್ ಒತ್ತಿನಿಂದಲೂ ಮೂಡುತ್ತವೆ; ನಣ, ಲಳಗಳ ಭೇದವೂ ಹಾಗೆಯೇ. ಕೇಂದ್ರದವರು ಭಾರತದ ಲಿಪಿಗಳೆಲ್ಲಕ್ಕೂ ಸಮಾನವಾಗಿ ನಿಗದಿಮಾಡಿದ ಇನ್‌ಸ್ಕ್ರಿಪ್ಟ್ ಜೋಡಣೆಯಲ್ಲಿ ಸ್ವರಗಳು ಎಡಗೈಗೂ ವ್ಯಂಜನಗಳು ಹೆಚ್ಚಾಗಿ ಬಲಗೈಗೂ ಬಂದಿವೆ. ಅದನ್ನು ಕಲಿತವನು ತೆಲುಗನ್ನೂ ಅದೇ ಬೆರಳುಗಳಿಂದ ಮುದ್ರಿಸಬಲ್ಲನು. ಎರಡರಲ್ಲಿ ಯಾವುದು ಮೇಲೆಂಬ ವಾದವನ್ನು ನಾವು ಇಲ್ಲಿ ಎತ್ತುವುದಿಲ್ಲ. ಎರಡರಲ್ಲಿಯೂ ಮಹಾಪ್ರಾಣಗಳು ಶಿಫ್ಟ್ ಕೀಲಿಯನ್ನು ಆಶ್ರಯಿಸಿವೆಯೆಂಬುದನ್ನು ಮಾತ್ರ ಗಮನಿಸಬೇಕು. ಕಿರುಬೆರಳು ಒಂದು ಕ್ಷಣ ಅಲಸಿದರೆ 'ಭಾರತ'ವು 'ಬಾರತ'ವಾಗುತ್ತದೆ, 'ಹಣ'ವು 'ಹನ'ವಾಗುತ್ತದೆ. ಆಂಗ್ಲದಲ್ಲಿ ಶಿಫ್ಟ್ ತಪ್ಪಿದರೆ ಅಕ್ಷರದ ಗಾತ್ರ ಬದಲಾಗುತ್ತದೆ. ಕನ್ನಡದಲ್ಲಿ ಅಕ್ಷರವೇ ಬದಲಾಗುತ್ತದೆ.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಕಾಗದದ ಮೇಲೆ ಭೇದ ಬಹಳ ಕಡಮೆ. ಗಣಕಕ್ಕೆ ಅವೆರಡೂ ಬೇರೆ ಬೇರೆ ಅಕ್ಷರಗಳು. ಅನುಸ್ವಾರದ ಸ್ಥಾನದಲ್ಲಿ ಅಂಕಿಯ ಸೊನ್ನೆಯನ್ನು ಹಾಕಿದ ಪದವನ್ನು ಓದುಗನು ಸರಾಗವಾಗಿ ಓದುತ್ತಾನೆ, ಆದರೆ ಹುಡುಕಿದಾಗ ಅದು ಸಿಕ್ಕುವುದಿಲ್ಲ. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿದ್ದರೂ, ಅದನ್ನು ತಿಳಿಯದ ಅನೇಕರು ರಕಾರ ಳಕಾರಗಳನ್ನೇ ಹಾಕಿ ಶಾಸನಪಾಠವನ್ನು ಕೆಡಿಸುತ್ತಾರೆ. ಈ ೞಕಾರಕ್ಕೆ ಆ ಪಟ್ಟಿಯಲ್ಲಿ 'ಫ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿನ ನಿಯಮವಾದ್ದರಿಂದ, ತಪ್ಪೆಂದು ಒಂದು ಟಿಪ್ಪಣಿ ಸೇರಿಸಿ ಹೆಸರನ್ನು ಹಾಗೆಯೇ ಬಿಟ್ಟಿದ್ದಾರೆ. ಕಲ್ಲಿನಲ್ಲಿ ಕಂಡರಿಸಿದ ತಪ್ಪನ್ನು ಅಳಿಸಲಾರದೆ ಉಳಿಸಿಕೊಂಡ ರೂವಾರಿಗಳ ನೆನಪು ನಮಗೆ ಆಗುತ್ತದೆ.

ಇದಕ್ಕಿಂತ ಗಂಭೀರವಾದುದು ಹಳೆಯ ಅಕ್ಷರಶೈಲಿಗಳ ಸಮಸ್ಯೆ. ಕನ್ನಡಕ್ಕೆ ಯೂನಿಕೋಡಿನಲ್ಲಿ ೧೯೯೧ರಲ್ಲೇ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಪುಸ್ತಕಗಳೂ ಪ್ರಬಂಧಗಳೂ ಆಂಗ್ಲ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಆಕಾರವನ್ನು ತೊಡಿಸಿದ ಅಕ್ಷರಶೈಲಿಗಳಲ್ಲಿ ಸಿದ್ಧವಾದವು. ಆ ಶೈಲಿಯಿಲ್ಲದ ಗಣಕದಲ್ಲಿ ಅಂಥ ಕಡತವನ್ನು ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಕಾಣುತ್ತದೆ. ಶೃಂಗೇರಿ ಮಠದ ಕಡತಗಳ ಮೋಡಿ ಅಕ್ಷರವನ್ನು ಓದಬಲ್ಲವರು ಇಂದು ಕೆಲವರೇ ಆದರೂ, ಕಣ್ಣೂ ತಾಳ್ಮೆಯೂ ಇದ್ದವನು ಅದನ್ನು ಕಲಿತು ಓದಬಹುದು. ಇಪ್ಪತ್ತು ವರ್ಷದ ಹಿಂದಿನ ಗಣಕದ ಕಡತಕ್ಕೆ ಕಣ್ಣು, ತಾಳ್ಮೆಗಳೆರಡೂ ಸಾಲವು. ಪರಿವರ್ತಕ ತಂತ್ರಾಂಶ ಬೇಕು. ಬೆರಳಚ್ಚಿನ ಪಕ್ಷಪಾತಿಗಳು ಇದಕ್ಕೆ ಉತ್ತರ ಹೇಳಬೇಕಾಗಿದೆ.

೪. ಇತಿಹಾಸದ ವಿದ್ಯಾರ್ಥಿಯ ಪಾಲಿಗೆ

ನಮ್ಮ ಸ್ವಂತ ಅನುಭವದ ಒಂದು ಪ್ರಸಂಗವನ್ನು ಇಲ್ಲಿ ಹೇಳಿದರೆ ವಾಚಕರು ಮನ್ನಿಸಬೇಕು. ಸ್ನಾತಕೋತ್ತರ ತರಗತಿಯಲ್ಲಿ ದೇವಾಲಯಗಳ ದತ್ತಿಶಾಸನಗಳನ್ನು ಕುರಿತು ನಾವು ಒಂದು ಕಿರುಪ್ರಬಂಧ ಬರೆದೆವು. ಕೈಯಿಂದ ಬರೆದ ಪ್ರತಿಯನ್ನು ಊರಿನ ಒಂದು ಡಿ.ಟಿ.ಪಿ. ಅಂಗಡಿಗೆ ಕೊಟ್ಟೆವು. ನಮಗೆ ಆಗ ಕನ್ನಡ ಬೆರಳಚ್ಚು ಬರುತ್ತಿರಲಿಲ್ಲ. 'ಹನ್ನೆರಡು ಮತ್ತರು ಗದ್ದೆ' ಎಂದು ನಾವು ಬರೆದಿದ್ದುದು ಅಲ್ಲಿ 'ಹನ್ನೆರಡು ಮತ್ತು ಗದ್ದೆ' ಎಂದಾಯಿತು. ಒಂದು ಕಡೆಯಲ್ಲ, ಏಳು ಕಡೆಗಳಲ್ಲಿ. ಮತ್ತರೆಂಬ ಭೂಮಾನವನ್ನು ಎಂದೂ ಕೇಳಿರದ ಆ ಹುಡುಗನು ನಮ್ಮ ಬರಹದಲ್ಲಿ ತಪ್ಪಿದೆಯೆಂದು ಬಗೆದು, ಸದ್ಭಾವದಿಂದಲೇ ತಿದ್ದಿದ್ದನು. ಕರಡನ್ನು ನಾವು ಎರಡು ಸಲ ಓದಿದ್ದೆವು. ನಮಗೆ ಬೇಕಾದ ಪದವೇ ನಮ್ಮ ಕಣ್ಣಿಗೆ ಕಂಡಿತು. ಅಲ್ಲಿದ್ದ ಪದ ಕಾಣಲಿಲ್ಲ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಆ ಪುಟವನ್ನು ತೆರೆದು, "ದಾನ ಕೊಟ್ಟದ್ದು ಹನ್ನೆರಡು ಏನನ್ನು?" ಎಂದು ಕೇಳಿದಾಗಲೇ ನಮಗೆ ಅರಿವಾದದ್ದು. ತಪ್ಪು ಆ ಹುಡುಗನದಲ್ಲ, ನಮ್ಮದೇ. ತನ್ನ ಭಾಷೆಯನ್ನು ತಾನೇ ಮುದ್ರಿಸಲಾರದ ಸಂಶೋಧಕನು ತನ್ನ ಪಾಠದ ಶುದ್ಧಿಯನ್ನು ಪರರ ಕೈಗೆ ಒಪ್ಪಿಸಿದ್ದಾನೆಂಬುದು ಅಂದು ತಿಳಿಯಿತು.

ಹಾಗೆಂದು ಕೈಯು ನಿರ್ದೋಷಿಯೆಂದು ತಿಳಿಯಬೇಕಾಗಿಲ್ಲ. ಅನಂತರದ ವರ್ಷಗಳಲ್ಲಿ ಒಂದು ಕಾಗದದ ದಾಖಲೆಯಿಂದ ನಾವು ಕೈಯಾರೆ ಮಾಡಿಕೊಂಡ ನಕಲನ್ನು ಮೂಲದ ಛಾಯಾಚಿತ್ರದೊಡನೆ ಹೋಲಿಸಿದಾಗ ಒಂದು ಪೂರ್ಣ ಪಂಕ್ತಿಯೇ ಬಿಟ್ಟುಹೋಗಿತ್ತು. ಅನುಕ್ರಮವಾದ ಎರಡು ಪಂಕ್ತಿಗಳು ಒಂದೇ ಪದದಿಂದ ಮುಗಿದಿದ್ದುವು. ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿತ್ತು. ಓಲೆಗರಿಯ ಲಿಪಿಕಾರರು ಮಾಡಿದ ತಪ್ಪೂ ಇದೇ; ತಮ್ಮ ತಪ್ಪುಗಳನ್ನು ಕ್ಷಮಿಸಬೇಕೆಂದು ಅವರು ಗ್ರಂಥದ ಕೊನೆಯಲ್ಲಿ ಬೇಡಿಕೊಂಡುದು ಸುಮ್ಮನೆಯಲ್ಲ. ಕೈಬರಹದ ತಪ್ಪು ಬಹುಮಟ್ಟಿಗೆ ಕಣ್ಣು, ಕಿವಿಗಳ ತಪ್ಪು. ಬೆರಳಚ್ಚಿನಲ್ಲಿ ಅವುಗಳ ಜೊತೆಗೆ ನೆರೆಯ ಕೀಲಿಯ ತಪ್ಪೂ ಶಿಫ್ಟಿನ ತಪ್ಪೂ ಸೇರುತ್ತವೆ. ಮುಂದೆ ನಮ್ಮ ಕಾಲದ ಬರಹಗಳನ್ನು ಪರಿಷ್ಕರಿಸುವವರು ಈ ಎರಡನೆಯ ಬಗೆಯನ್ನೂ ತಿಳಿದಿರಬೇಕಾಗುತ್ತದೆ.

ಕೈಯಿಂದ ನಕಲು ಮಾಡುವುದರಲ್ಲಿ ಬೇರೊಂದು ಪ್ರಯೋಜನವಿದೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟ ೧೮೮೬ರಲ್ಲಿ ಹೊರಬಂದಂದಿನಿಂದ ಅಚ್ಚಾದ ಪಾಠ ನಮಗೆ ಸುಲಭವಾಗಿ ದೊರೆಯುತ್ತಿದೆ. ಅಚ್ಚಿನ ಪಾಠವನ್ನು ಓದುವುದು ಬೇರೆ, ತ್ರುಟಿತವಾದ ಅಕ್ಷರದ ಮುಂದೆ ನಿಂತು ಇದು ವಕಾರವೋ ಪಕಾರವೋ ಎಂದು ಅದರ ಗೆರೆಯನ್ನು ಬರೆದು ನೋಡುವುದು ಬೇರೆ. ಕೀಲಿಮಣೆಯಲ್ಲಿ ಸಂದೇಹಕ್ಕೆ ಕೀಲಿಯಿಲ್ಲ. ಅರ್ಧ ಕಾಣುವ ಅಕ್ಷರಕ್ಕೂ ಅದು ಪೂರ್ಣವಾದ ಆಕಾರವನ್ನೇ ಕೊಡುತ್ತದೆ. ಲೇಖನಿಯು ಅರ್ಧ ಕಂಡುದನ್ನು ಅರ್ಧವಾಗಿಯೇ ಬರೆಯಬಲ್ಲುದು. ಸಂಚಾರಿ ದೂರವಾಣಿಯಿಂದ ನೂರು ಪುಟಗಳ ಛಾಯಾಚಿತ್ರ ತೆಗೆದುಕೊಂಡು ಮನೆಗೆ ಬರುವ ಇಂದಿನ ವಿದ್ಯಾರ್ಥಿಯು ಆ ನೂರು ಪುಟಗಳನ್ನು ಇನ್ನೂ ಓದಿಲ್ಲವೆಂಬುದನ್ನು ಮರೆಯಬಾರದು.

೫. ಚೆನ್ನಾಗಿ ಕಲಿಯುವುದೆಂದರೇನು?

ನಾವು ಶಾಲೆಯಲ್ಲಿದ್ದಾಗ ಊರಿನ ಪೇಟೆಬೀದಿಯ ಮಹಡಿಯ ಮೇಲೆ ಬೆರಳಚ್ಚು ಶಾಲೆಯೊಂದಿತ್ತು. ಎ, ಎಸ್, ಡಿ, ಎಫ್, ಜಿ, ಎಫ್ ಎಂಬ ಮೊದಲ ಪಾಠವನ್ನು ವಾರಗಟ್ಟಲೆ ಕುಟ್ಟಿಸುತ್ತಿದ್ದರು. ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಅಲ್ಲಿಂದ ಜನ ಹೋಗುತ್ತಿದ್ದರು. ಆ ಶಾಲೆಗಳು ಬಹುಮಟ್ಟಿಗೆ ಮುಚ್ಚಿದವು. ಗಣಕಗಳು ಮನೆಮನೆಗೆ ಬಂದುವು. ಬೆರಳಚ್ಚನ್ನು ಕಲಿಸುವ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಳ್ಳಲಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ದೂರವಾಣಿಯ ಮೇಲೆ ಎರಡು ಹೆಬ್ಬೆರಳುಗಳಿಂದ, ಅದೂ ಆಂಗ್ಲ ಲಿಪಿಯಲ್ಲಿ ಕನ್ನಡವನ್ನು ಬರೆಯುವುದರಲ್ಲಿ ನಿಪುಣರು. ಆದರೆ ಒಂದು ಪುಟ ಕನ್ನಡವನ್ನು ಕೀಲಿಮಣೆಯ ಮೇಲೆ ತಪ್ಪಿಲ್ಲದೆ ಮುದ್ರಿಸೆಂದರೆ ಹಿಂಜರಿಯುತ್ತಾರೆ.

ಈ ಕಲಿಕೆಯಲ್ಲಿ ಹಳೆಯ ನಿಯಮಗಳೆಲ್ಲವೂ ವೇದವಾಕ್ಯಗಳಲ್ಲ. ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾನಿಲಯದವರು ೨೦೧೬ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಹತ್ತು ಬೆರಳುಗಳನ್ನು ಬಳಸದೆ ತಾವಾಗಿ ಕಲಿತವರಲ್ಲಿ ಕೆಲವರು ಕ್ರಮವಾಗಿ ಕಲಿತವರಷ್ಟೇ ವೇಗ ಪಡೆದಿದ್ದರು. ಒಂದು ಅಕ್ಷರಕ್ಕೆ ಯಾವಾಗಲೂ ಒಂದೇ ಬೆರಳು ಹೋಗುವುದು ಮತ್ತು ಕೈ ಅನಾವಶ್ಯಕವಾಗಿ ಅಲೆಯದಿರುವುದು ಅಲ್ಲಿ ಬೆರಳುಗಳ ಸಂಖ್ಯೆಗಿಂತ ಮುಖ್ಯವಾಗಿ ಕಂಡಿತು. ಆದರೆ ಕ್ರಮವಾಗಿ ಕಲಿತವರು ಕೀಲಿಮಣೆಯ ಕಡೆ ನೋಡುವುದು ಕಡಮೆಯೆಂಬುದೂ ಅಲ್ಲಿ ತಿಳಿದುಬಂತು. ಮೂಲವನ್ನು ನೋಡಿ ನಕಲು ಮಾಡಬೇಕಾದ ನಮ್ಮಂಥವರಿಗೆ ಇದೇ ನಿರ್ಣಾಯಕವಾದ ಅಂಶ. ಕೀಲಿಯನ್ನು ನೋಡಲು ಕಣ್ಣು ಮೂಲವನ್ನು ಬಿಟ್ಟಾಗಲೆಲ್ಲ, ಮರಳಿ ಬರುವಾಗ ಪಂಕ್ತಿ ಹಾರುವ ಅಪಾಯವಿದೆ.

ಕಲಿತ ಮೇಲೆ ಜ್ಞಾನವು ತಲೆಯಿಂದ ಬೆರಳಿಗೆ ಇಳಿಯುತ್ತದೆಂಬುದಕ್ಕೆ ೨೦೧೪ರಲ್ಲಿ ಪ್ರಕಟವಾದ ಸ್ನೈಡರ್, ಲೋಗನ್ ಮೊದಲಾದವರ ಅಧ್ಯಯನ ಒಳ್ಳೆಯ ನಿದರ್ಶನ. ನುರಿತ ಬೆರಳಚ್ಚುಗಾರರಿಗೆ ಬರಿಯ ಕೀಲಿಮಣೆಯ ಚಿತ್ರ ಕೊಟ್ಟು ಅಕ್ಷರಗಳನ್ನು ತುಂಬಲು ಹೇಳಿದಾಗ, ೨೬ರಲ್ಲಿ ಸರಾಸರಿ ೧೫ನ್ನು ಮಾತ್ರ ಅವರು ಸರಿಯಾಗಿ ತುಂಬಿದರು. ಬೆರಳಿಗೆ ಗೊತ್ತಿದ್ದುದು ಅವರ ನೆನಪಿಗೆ ಗೊತ್ತಿರಲಿಲ್ಲ. ಹೀಗೆ ಕೆಲಸವು ಬೆರಳಿಗೆ ಇಳಿದಾಗಲೇ ಮನಸ್ಸು ವಾಕ್ಯದ ಕಡೆಗೆ ಬಿಡುವಾಗುವುದು. ಲೇಖನಿಯ ವಿಷಯದಲ್ಲಿ ನಾವು ಬಾಲ್ಯದಲ್ಲೇ ಈ ಸ್ಥಿತಿಯನ್ನು ಮುಟ್ಟಿರುತ್ತೇವೆ. ಹದಿನೈದು ವರ್ಷ ಅಭ್ಯಾಸವಾದ ಲೇಖನಿಯನ್ನು ಹದಿನೈದು ದಿನದ ಕೀಲಿಮಣೆಯೊಡನೆ ತೂಗಿ, ಕೀಲಿಮಣೆಯಲ್ಲಿ ವಿಚಾರ ಹರಿಯುವುದಿಲ್ಲವೆಂದು ದೂರುವುದು ಪಕ್ಷಪಾತವಾದೀತು.

ನಾವು ಕನ್ನಡ ಬೆರಳಚ್ಚನ್ನು ಕ್ರಮವಾಗಿ ಕಲಿತದ್ದು ಮೂವತ್ತು ದಾಟಿದ ಮೇಲೆ. ಕೈಗಳ ಮೇಲೆ ಒಂದು ಬಟ್ಟೆ ಹೊದಿಸಿ, ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬುಗಳನ್ನು ತೋರುಬೆರಳುಗಳಿಂದ ತಡವಿ ಗುರುತಿಸಿ, ದಿನಕ್ಕೆ ಅರ್ಧ ಗಂಟೆ ಅಭ್ಯಾಸಮಾಡಿದೆವು. ಮೊದಲ ಹದಿನೈದು ದಿನ ಕೈಬರಹಕ್ಕಿಂತ ಬಹಳ ನಿಧಾನವಾಗಿ ಸಾಗಿ ಬೇಸರವಾಯಿತು. ಎರಡು ತಿಂಗಳಾಗುವ ಹೊತ್ತಿಗೆ ಬೆರಳು ಲೇಖನಿಯ ಸಮಕ್ಕೆ ಬಂತು. ವೇಗಕ್ಕೆ ಅವಸರಪಟ್ಟ ದಿನಗಳಲ್ಲಿ ಕಲಿತದ್ದೆಂದರೆ ತಪ್ಪುಗಳು ಮಾತ್ರ. ಬೆರಳು ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಲಿಯುತ್ತದೆ. ನಿಮಿಷಕ್ಕೆ ಇಷ್ಟು ಶಬ್ದವೆಂಬ ಅಳತೆಯೂ ನಮ್ಮ ಭಾಷೆಗೆ ಹೊಂದದು. ಆಂಗ್ಲದಲ್ಲಿ ಐದು ಒತ್ತುಗಳನ್ನು ಒಂದು ಶಬ್ದವೆಂದು ಎಣಿಸುವುದು ವಾಡಿಕೆ. 'ಬರೆಯಬೇಕಾಗಿದ್ದುದರಿಂದ' ಎಂಬ ನಮ್ಮ ಒಂದು ಶಬ್ದಕ್ಕೆ ಹತ್ತೊಂಬತ್ತು ಒತ್ತುಗಳಾಗುತ್ತವೆ. ಆ ಅಳತೆಯಿಂದ ತನ್ನನ್ನು ಅಳೆದುಕೊಂಡು ಕನ್ನಡದ ವಿದ್ಯಾರ್ಥಿ ಎದೆಗುಂದಬೇಕಾಗಿಲ್ಲ.

೬. ಉಪಸಂಹಾರ

ಮೇಲಿನ ವಿಮರ್ಶೆಯಿಂದ ಏರ್ಪಡುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಬಹುದು. ಕೈಬರಹವು ಜ್ಞಾಪಕವನ್ನು ಬೆಳೆಸುತ್ತದೆ, ಬೆರಳಚ್ಚು ಕೆಡಿಸುತ್ತದೆ ಎಂಬ ಸಾಮಾನ್ಯೀಕರಣಕ್ಕೆ ಈಗ ದೊರೆತಿರುವ ಪ್ರಮಾಣ ಸಾಲದು. ಎಳೆಯರಿಗೆ ಅಕ್ಷರ ತಿದ್ದಿಸುವಲ್ಲಿ, ಮೂಲದ ಮುಂದೆ ನಿಂತು ಅಕ್ಷರವನ್ನು ಬಿಡಿಸುವಲ್ಲಿ, ಉಪನ್ಯಾಸವನ್ನು ಆರಿಸಿ ಸಂಗ್ರಹಿಸುವಲ್ಲಿ ಲೇಖನಿಗೆ ತಕ್ಕ ಸ್ಥಾನವಿದೆ. ನಮ್ಮ ವಿಶ್ವವಿದ್ಯಾನಿಲಯಗಳ ಪರೀಕ್ಷೆಗಳನ್ನು ಇಂದಿಗೂ ಮೂರು ಗಂಟೆಗಳ ಕಾಲ ಕೈಯಿಂದಲೇ ಬರೆಯಬೇಕಾಗಿರುವುದರಿಂದ ಆ ಅಭ್ಯಾಸವನ್ನು ಬಿಡುವಂತೆಯೂ ಇಲ್ಲ. ಪಾಠವನ್ನು ಸಿದ್ಧಪಡಿಸಿ, ತಿದ್ದಿ, ಇತರರು ಹುಡುಕಿ ಬಳಸುವಂತೆ ಉಳಿಸುವಲ್ಲಿ ಕೀಲಿಮಣೆಗೆ ಸಮನಾದುದಿಲ್ಲ. ಆದರೆ ಅದನ್ನು ಯೂನಿಕೋಡಿನಲ್ಲಿ, ಸರಿಯಾದ ಅಕ್ಷರಗಳಿಂದ ಮಾಡಿದಾಗ ಮಾತ್ರ.

ಆದುದರಿಂದ ಇತಿಹಾಸ ವಿಭಾಗಗಳ ಮುಂದೆ ಒಂದು ಚಿಕ್ಕ ಸಲಹೆಯನ್ನು ಇಡುತ್ತೇವೆ. ಪ್ರತಿಯೊಬ್ಬ ಸ್ನಾತಕೋತ್ತರ ವಿದ್ಯಾರ್ಥಿಯೂ ವರ್ಷಕ್ಕೆ ಒಂದು ಶಾಸನವನ್ನೋ ಹಳೆಯ ದಾಖಲೆಯ ನಾಲ್ಕು ಪುಟಗಳನ್ನೋ ಮೊದಲು ಕೈಯಿಂದ ನಕಲು ಮಾಡಲಿ. ಆಮೇಲೆ ಆ ನಕಲನ್ನು ತಾನೇ ಬೆರಳಚ್ಚು ಮಾಡಲಿ. ಕೊನೆಗೆ ಎರಡನ್ನೂ ಮೂಲದೊಡನೆ ಹೋಲಿಸಿ, ಕೈ ಎಲ್ಲಿ ತಪ್ಪಿತು, ಬೆರಳು ಎಲ್ಲಿ ತಪ್ಪಿತು ಎಂದು ಪಟ್ಟಿಮಾಡಲಿ. ಇದಕ್ಕೆ ಹಣವಾಗಲಿ ಹೊಸ ಉಪಕರಣವಾಗಲಿ ಬೇಕಾಗಿಲ್ಲ. ಕಳೆದ ವರ್ಷ ನಮ್ಮ ತರಗತಿಯ ಕೆಲವರು ಹೀಗೆ ಮಾಡಿದರು. ಅವರಲ್ಲಿ ಒಬ್ಬಳು ತನ್ನ ಪಟ್ಟಿಯ ಕೊನೆಯಲ್ಲಿ, ಅಚ್ಚಾದ ಪಾಠದಲ್ಲಿಯೇ ಒಂದು ಕಡೆ ಸಂದೇಹವಿದೆಯೆಂದು ಬರೆದು ತಂದಳು. ಅವಳ ಸಂದೇಹ ಸರಿಯೋ ಅಲ್ಲವೋ ಇನ್ನೂ ನಿರ್ಧಾರವಾಗಿಲ್ಲ. ಶಾಸನವಿರುವ ಊರಿಗೆ ಹೋಗಿ ನೋಡಿ ಬರಬೇಕಾಗಿದೆ.